ಸಿಲ್ಲಿ ಅಂದ್ರೆ ಎಂಥ?

ಹೋದ ತಿಂಗಳು ನಮ್ಮ ಕಟ್ಟಡದ ರಾತ್ರಿ ಪಾಳಿಯ ವಾಚ್‌ಮನ್ ನನ್ನಲ್ಲಿ 8 ಸಾವಿರ ರೂಪಾಯಿ ಸಾಲ ಕೇಳಿದ. ಊರಲ್ಲಿ ತಾಯಿಗೆ ಹುಷಾರಿಲ್ಲ, ಹೋಗಿ ಬಂದು ನಾಲ್ಕು ಕಂತಿನಲ್ಲಿ ತೀರಿಸುತ್ತೇನೆ ಅಂದ. ಕೊಡುವ ಮನಸ್ಸಾಗಿದೆ ಎಂದು ಮನೆಯಲ್ಲಿ ಹೇಳಿದಾಗ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆಯೇ "ಡೋಂಟ್ ಬಿ ಸಿಲ್ಲಿ, ಪಪ್ಪಾ" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮೋಡ ಕವಿದಿರುವಾಗ ಕೊಡೆ ಬಿಟ್ಟು ಹೊರಟವನಿಗೆ ನೆನಪು ಮಾಡುವ ಹಾಗೆ ಹೇಳಿದಳು.

ಆ ಮಾತು ನನಗೆ ತಾಗಿದ್ದು ಬೇರೆ ಕಾರಣಕ್ಕೆ. ಸುಮಾರು ನಲವತ್ತು ವರ್ಷಗಳ ಹಿಂದೆ ಅದೇ ಮಾತನ್ನು ನಾನು ನನ್ನ ಅಪ್ಪನಿಗೆ ಹೇಳಿದ್ದೆ.

ಅಪ್ಪ ಉಡುಪಿ ಕಡೆಯ ಹಳ್ಳಿಯಿಂದ 1954ರಲ್ಲಿ ಮುಂಬಯಿಗೆ ಬಂದವರು. ಆಗ ಹದಿನಾಲ್ಕರ ಹುಡುಗ. ಹಗಲು ಹೋಟೆಲಿನಲ್ಲಿ ಕಪ್ಪು ಬಶಿ ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ, ಒಂದು ಕಂಪನಿಯ ಸ್ಟೋರಿನಲ್ಲಿ ಗುಮಾಸ್ತರಾದರು. ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳ ಕತೆ ಇದೇ. ಡೊಂಬಿವಲಿಯ ಚಾಳಿನಲ್ಲಿ ಒಂದೂವರೆ ಕೋಣೆಯ ನಮ್ಮ ಮನೆಯಲ್ಲಿ ನಾವು ನಾಲ್ಕು ಮಂದಿ. ಊರಿನಿಂದ ಕೆಲಸ ಹುಡುಕಿ ಬಂದವರು ಸೇರಿದರೆ ಆರೋ ಏಳೋ. ಹಾಗೆ ಬಂದವರಲ್ಲಿ ಒಬ್ಬರು 1986ರಲ್ಲಿ ಐದು ತಿಂಗಳು ನಮ್ಮಲ್ಲಿ ಉಳಿದರು. ಒಂದು ಸಣ್ಣ ಕ್ಯಾಂಟೀನ್ ನಡೆಸಲು ಸಿಗುತ್ತದೆ, ಸಾಲಕ್ಕೆ ಜಾಮೀನು ಬೇಕು ಅಂದರು. ಅಪ್ಪ ಸಹಿ ಹಾಕಿದರು. ವರ್ಷ ತುಂಬುವ ಮೊದಲೇ ಕ್ಯಾಂಟೀನೂ ಇಲ್ಲ, ಆ ಮನುಷ್ಯನೂ ಇಲ್ಲ. ಮುಂದಿನ 5 ವರ್ಷ ಅಪ್ಪನ ಸಂಬಳದಿಂದ ತಿಂಗಳಿಗೆ 400 ರೂಪಾಯಿ ಮುರಿದುಕೊಂಡರು. ಅಮ್ಮನ ಎರಡು ಬಳೆ ಗಿರವಿಗೆ ಹೋದವು, ತಿರುಗಿ ಬರಲಿಲ್ಲ. ಹತ್ತನೆಯ ಕ್ಲಾಸು ಮುಗಿಸಿ ಸೈನ್ಸಿಗೆ ಸೇರುವ ಆಸೆಯಲ್ಲಿದ್ದ ತಂಗಿ ಟೈಪಿಂಗ್ ಕ್ಲಾಸಿಗೆ ಹೋದಳು. ನನ್ನ ಕಾಲೇಜು ನಿಲ್ಲಲಿಲ್ಲ. ಇದನ್ನೂ ಹೇಳಿಬಿಡಬೇಕು.

ಸಾಲದ ನೋಟಿಸು ಬಂದ ರಾತ್ರಿ ನಾನು ಅಪ್ಪನ ಎದುರು ನಿಂತು "ಇಷ್ಟು ಸಿಲ್ಲಿ ಆಗಬಾರದಪ್ಪ" ಅಂದೆ. ಹದಿನೆಂಟು ವರ್ಷ, ಕೈಯಲ್ಲಿ ಇಂಗ್ಲಿಷ್ ಮೀಡಿಯಂ ಕಾಲೇಜಿನ ಐಡಿ ಕಾರ್ಡು. ಅಪ್ಪ ನೋಟಿಸು ಮಡಚಿ ಕಿಸೆಗೆ ಹಾಕಿಕೊಂಡು ಕೇಳಿದರು, "ಸಿಲ್ಲಿ ಅಂದ್ರೆ ಎಂಥ?"

ಪೆದ್ದ ಎಂದು ಅಪ್ಪನ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ. "ಪಾಪದವ ಅಂತ" ಅಂದೆ.

"ಹಾಗಾದ್ರೆ ಅಡ್ಡಿಲ್ಲ" ಎಂದು ಅವರು ಕೈ ತೊಳೆಯಲು ಹೋದರು.

ಬಯಲುಸೀಮೆಯ ಓದುಗರಿಗೆ ಇಲ್ಲಿ ಒಂದು ಮಾತು. ನಮ್ಮ ಕರಾವಳಿಯಲ್ಲಿ ಪಾಪದವ ಎಂದರೆ ಪಾಪ ಮಾಡಿದವನಲ್ಲ. ಯಾರ ಗೊಡವೆಗೂ ಹೋಗದ, ಮೋಸ ತಿಳಿಯದ, ಬಡಪಾಯಿ ಮನುಷ್ಯ. ಅದರಲ್ಲಿ ಮರುಕವಿದೆ, ಪ್ರೀತಿಯಿದೆ, ಸ್ವಲ್ಪ ತಾತ್ಸಾರವೂ ಇದೆ. ಅಂದು ನಾನು ಅಪ್ಪನಿಂದ ತಪ್ಪಿಸಿಕೊಳ್ಳಲು ಸುಳ್ಳು ಅರ್ಥ ಹೇಳಿದೆ ಎಂದೇ ಬಹಳ ಕಾಲ ತಿಳಿದಿದ್ದೆ. ಮೊನ್ನೆ ಮಗಳ ಮಾತು ಕೇಳಿದ ಮೇಲೆ ಆ ಪದದ ಹಿಂದೆ ಬಿದ್ದು ನಿಘಂಟು ತೆರೆದೆ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅರ್ಥ ಐದಾರು ನೂರು ವರ್ಷ ಹಳೆಯದಾಗಿತ್ತು, ಅಷ್ಟೇ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ಸೇಲಿಗ್, ಗೆಸೇಲಿಗ್. ಅರ್ಥ ಸುಖಿ, ಅದೃಷ್ಟವಂತ, ಧನ್ಯ. ಸುಖ, ಒಳ್ಳೆಯ ಕಾಲ ಎಂಬ ಅರ್ಥದ ಒಂದು ನಾಮಪದದಿಂದ ಹುಟ್ಟಿದ್ದು. ಇದರ ದಾಯಾದಿ ಜರ್ಮನ್ ಭಾಷೆಯಲ್ಲಿ ಸೇಲಿಗ್ ಎಂದು ಇಂದಿಗೂ ಧನ್ಯ ಎಂಬ ಅರ್ಥದಲ್ಲೇ ಉಳಿದಿದೆ. ಏಸು ಬೆಟ್ಟದ ಮೇಲೆ ಕುಳಿತು ಯಾರು ಯಾರು ಧನ್ಯರು ಎಂದು ಹೇಳುವ ಭಾಗವನ್ನು ಮಾರ್ಟಿನ್ ಲೂಥರ್ ಜರ್ಮನ್ನಿಗೆ ತರುವಾಗ ಬಳಸಿದ್ದು ಈ ಪದವನ್ನೇ.

ಇಂಗ್ಲೆಂಡಿನಲ್ಲಿ ಮಾತ್ರ ಅದು ಒಂದೊಂದೇ ಮೆಟ್ಟಿಲು ಇಳಿಯಿತು. ಧನ್ಯನಾದವನು ದೈವಭಕ್ತ. ದೈವಭಕ್ತನು ನಿರ್ಮಲ ಮನಸ್ಸಿನವನು. ನಿರ್ಮಲ ಮನಸ್ಸಿನವನು ಯಾರಿಗೂ ಕೇಡು ಮಾಡದವನು. ಕೇಡು ಮಾಡಲಾರದವನಿಗೆ ಲೋಕ ಕೇಡು ಮಾಡುತ್ತದೆ, ಆದ್ದರಿಂದ ಅವನು ಅಯ್ಯೋ ಪಾಪ. ಅಯ್ಯೋ ಪಾಪ ಎನಿಸಿಕೊಂಡವನು ದುರ್ಬಲ. ಕೊನೆಗೆ, 16ನೇ ಶತಮಾನ ಮುಗಿಯುವ ಹೊತ್ತಿಗೆ, ದಡ್ಡ. ಯಾವ ಮೆಟ್ಟಿಲೂ ಬಹಳ ಎತ್ತರದ್ದಲ್ಲ. ಒಬ್ಬನೂ ಎಡವಿದಂತೆ ಕಾಣುವುದಿಲ್ಲ. ಆದರೆ ಕೆಳಗೆ ಬಂದು ನಿಂತು ಮೇಲೆ ನೋಡಿದರೆ ತಲೆ ತಿರುಗುತ್ತದೆ.

ಈ ಇಳಿತದ ನಡುವೆ ಪದ ಎರಡೂ ಕಡೆ ಕಾಲಿಟ್ಟು ನಿಂತ ಕಾಲವೊಂದಿತ್ತು. 1400ರಲ್ಲಿ ತೀರಿಕೊಂಡ ಕವಿ ಚಾಸರ್‌ನ 'ಗಿರಣಿಯವನ ಕತೆ'ಯಲ್ಲಿ ಒಬ್ಬ ಮುದಿ ಬಡಗಿಯಿದ್ದಾನೆ. ತನ್ನ ಮನೆಯಲ್ಲಿ ಬಾಡಿಗೆಗಿದ್ದ ಓದುಬರಹದ ಯುವಕನನ್ನು ನಂಬುತ್ತಾನೆ. ಮಹಾಪ್ರಳಯ ಬರುತ್ತದೆ ಎಂದು ಅವನು ಹೇಳಿದ್ದನ್ನು ನಂಬಿ, ತೇಲಿ ಬದುಕಲೆಂದು ಮಾಡಿಗೆ ಮರದ ದೊಡ್ಡ ತೊಟ್ಟಿಗಳನ್ನು ನೇತುಹಾಕಿ ಅದರಲ್ಲಿ ಮಲಗುತ್ತಾನೆ. ಆ ರಾತ್ರಿ ಯುವಕ ಅವನ ಹೆಂಡತಿಯ ಜೊತೆಗಿರುತ್ತಾನೆ. ಈ ಬಡಗಿಗೆ ಚಾಸರ್ ಮತ್ತೆ ಮತ್ತೆ ಹಚ್ಚುವ ವಿಶೇಷಣ ಇದೇ ಸಿಲ್ಲಿಯ ಹಳೆಯ ರೂಪ. ಪ್ರಳಯದ ಸುದ್ದಿ ಕೇಳಿದಾಗ ಬಡಗಿಗೆ ಮೊದಲು ಬಂದ ಚಿಂತೆ ತನ್ನ ಜೀವದ್ದಲ್ಲ, ಹೆಂಡತಿಯದು. ಅಲ್ಲಿ ಆ ಪದಕ್ಕೆ ಪಾಪದವ ಎಂಬುದಕ್ಕಿಂತ ಸರಿಯಾದ ಕನ್ನಡ ನನಗೆ ಹೊಳೆಯುವುದಿಲ್ಲ. ಮನೆಯಲ್ಲಿ ಇಟ್ಟುಕೊಂಡವನೇ ಮೋಸ ಮಾಡಿದ್ದರಲ್ಲಿ ಅದು ನಮ್ಮ ಮನೆಯ ಕತೆಯೂ ಹೌದು. ನಮ್ಮದು ಸಾಲಕ್ಕೆ ನಿಂತಿತು, ಅಷ್ಟು ದೂರ ಹೋಗಲಿಲ್ಲ. ಆಮೇಲೆ 1595ರಲ್ಲಿ ಗಲ್ಲಿಗೇರಿದ ಪಾದ್ರಿ ಕವಿ ರಾಬರ್ಟ್ ಸೌತ್‌ವೆಲ್, ಕ್ರಿಸ್‌ಮಸ್ ಕುರಿತ ಒಂದು ಪದ್ಯದಲ್ಲಿ ಕೊಟ್ಟಿಗೆಯಲ್ಲಿ ಮಲಗಿದ ಎಳೆಯ ಏಸುವನ್ನೇ ಸಿಲ್ಲಿ ಎಂದು ಕರೆದ. ದಡ್ಡ ಮಗು ಎಂದಲ್ಲ. ಏನೂ ಅರಿಯದ, ಯಾರೂ ಇಲ್ಲದ ಪಾಪದ ಮಗು ಎಂದು.

ವಿಚಿತ್ರವೆಂದರೆ ಇದೇ ಮೆಟ್ಟಿಲುಗಳ ಮೇಲೆ ಇನ್ನೊಂದು ಪದ ಎದುರಿನಿಂದ ಹತ್ತಿಕೊಂಡು ಬಂತು. ನಾವು ದಿನಕ್ಕೆ ಇಪ್ಪತ್ತು ಸಲ ಬಳಸುವ ನೈಸ್. ಲ್ಯಾಟಿನ್ನಿನ ನೆಸ್ಕಿಯುಸ್, ಅಂದರೆ ತಿಳಿಯದವ ಎಂಬುದು ಅದರ ಮೂಲ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ. ಅಲ್ಲಿಂದ ನಾಜೂಕು, ಸೂಕ್ಷ್ಮ, ಅಚ್ಚುಕಟ್ಟು ಎಂದು ಹತ್ತುತ್ತಾ 18ನೇ ಶತಮಾನದಲ್ಲಿ ಹಿತವಾದ, ಒಳ್ಳೆಯ ಎಂಬಲ್ಲಿಗೆ ತಲುಪಿತು. ಧನ್ಯನಾಗಿದ್ದವನು ದಡ್ಡನಾದ, ದಡ್ಡನಾಗಿದ್ದವನು ಒಳ್ಳೆಯವನಾದ. ಎದುರುಬದುರು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರೋ ಇಲ್ಲವೋ.

ಇಂಗ್ಲಿಷಿನವರ ಬುದ್ಧಿಯೇ ಹೀಗೆ ಎಂದು ನಗಬೇಡಿ. ನಮ್ಮ ಮುಗ್ಧ ಮತ್ತು ಮೂಢ ಎರಡೂ ಸಂಸ್ಕೃತದ ಒಂದೇ ಧಾತುವಿನಿಂದ ಹುಟ್ಟಿದ ಅಣ್ಣತಮ್ಮಂದಿರು. ಮೋಹವೂ ಅದೇ ಮನೆಯದು. ದಿಕ್ಕು ತೋಚದೆ ಗೊಂದಲಕ್ಕೆ ಬಿದ್ದವನು ಎಂಬ ಒಂದೇ ಅರ್ಥದಿಂದ ಹೊರಟು, ಒಬ್ಬ ಮಗುವಿನ ನಗುವಿಗೆ ವಿಶೇಷಣವಾದ, ಇನ್ನೊಬ್ಬ ನಂಬಿಕೆಯ ಹಿಂದೆ ಅಂಟಿಕೊಂಡು ಬೈಗುಳವಾದ. ಧಾರವಾಡದ ಕಡೆ 'ಹುಡುಗ ಭಾಳ ಶಾಣ್ಯಾ ಇದ್ದಾನ' ಎಂದರೆ ಶಿಫಾರಸು ಪತ್ರ. ಅದೇ ಶಾಣ್ಯಾ ಮುಂಬಯಿಯ ಬೀದಿ ಹಿಂದಿಯಲ್ಲಿ ಶಾಣಾ ಆದಾಗ 'ಬಹಳ ಶಾಣಾ ಆಗಬೇಡ' ಎಂಬ ಧಮಕಿ. ಈ ಊರಿನಲ್ಲಿ ಪಾಪದವನಿಗೂ ಮರ್ಯಾದೆಯಿಲ್ಲ, ಜಾಣನಿಗೂ ಇಲ್ಲ. ಮೋಸ ಹೋಗದಿರುವಷ್ಟು ಜಾಣತನ ಬೇಕು, ಬೇರೆಯವರಿಗೆ ಕಾಣುವಷ್ಟು ಬೇಡ.

ಹಾಗಾದರೆ ಒಳ್ಳೆಯತನ ಮತ್ತು ದಡ್ಡತನ ನಿಜವಾಗಿಯೂ ಒಂದೇ ವಸ್ತುವಿನ ಎರಡು ಹೆಸರೋ? ಈ ಪ್ರಶ್ನೆ ನಮಗೆ ಮೊದಲು ಹುಟ್ಟಿದ್ದಲ್ಲ. ಪ್ಲೇಟೋನ 'ರಿಪಬ್ಲಿಕ್'ನ ಮೊದಲನೆಯ ಪುಸ್ತಕದಲ್ಲಿ ಥ್ರಾಸಿಮಾಕಸ್ ಎಂಬ ಜಗಳಗಂಟ ಸಾಕ್ರೆಟೀಸನ ಎದುರು ಅನ್ಯಾಯದ ಪರ ವಾದಿಸುತ್ತಾನೆ. ಹಾಗಾದರೆ ನ್ಯಾಯವಂತಿಕೆ ಒಂದು ದುರ್ಗುಣವೋ ಎಂದು ಸಾಕ್ರೆಟೀಸ್ ಕೇಳಿದಾಗ, ಅಲ್ಲ, ಅದೊಂದು ಬಹಳ ದೊಡ್ಡ ಮನಸ್ಸಿನ ಭೋಳೆತನ ಎನ್ನುತ್ತಾನೆ. ಅವನು ಬಳಸುವ ಗ್ರೀಕ್ ಪದ ಯುಎಥೇಯಾ. ಬಿಡಿಸಿದರೆ ಒಳ್ಳೆಯ ಸ್ವಭಾವ ಎಂದೇ ಅರ್ಥ. ಆದರೆ ಆಗಲೇ ಅಥೆನ್ಸಿನ ಮಾತಿನಲ್ಲಿ ಅದು ಪೆದ್ದುತನಕ್ಕೆ ಹಚ್ಚುವ ನಯವಾದ ಹೆಸರಾಗಿತ್ತು. ಸಿಲ್ಲಿಗಿಂತ ಎರಡು ಸಾವಿರ ವರ್ಷ ಮೊದಲು ಬೇರೊಂದು ಪದ ಅದೇ ಮೆಟ್ಟಿಲು ಇಳಿದಿತ್ತು. ಮೂರನೆಯ ಪುಸ್ತಕದಲ್ಲಿ ಸಾಕ್ರೆಟೀಸ್ ಆ ಪದವನ್ನು ಕೈಹಿಡಿದು ಮೇಲೆತ್ತಲು ನೋಡುತ್ತಾನೆ. ದಡ್ಡತನವನ್ನು ಮುಚ್ಚಲು ಬಳಸುವ ಯುಎಥೇಯಾ ಅಲ್ಲ, ಬುದ್ಧಿಯೇ ಒಳ್ಳೆಯ ರೀತಿಯಲ್ಲಿ ರೂಪುಗೊಂಡಿರುವ ನಿಜವಾದ ಯುಎಥೇಯಾ ತಾನು ಹೇಳುತ್ತಿರುವುದು ಎನ್ನುತ್ತಾನೆ. ಅಂದರೆ ತಿಳಿಯದೆ ಒಳ್ಳೆಯವನಾಗಿರುವುದು ಒಂದು, ತಿಳಿದೂ ಒಳ್ಳೆಯವನಾಗಿರುವುದು ಇನ್ನೊಂದು.

ನಮ್ಮ ಕನ್ನಡದ ಕತೆಗಳು ಈ ಎರಡನ್ನೂ ಬಲ್ಲವು. ಹರಿಹರ ರಗಳೆಯಲ್ಲಿ ಹಾಡಿದ ಕೋಳೂರು ಕೊಡಗೂಸು ಮೊದಲನೆಯ ಬಗೆ. ಶಿವ ನಿಜವಾಗಿಯೂ ಹಾಲು ಕುಡಿಯುತ್ತಾನೆ ಎಂದುಕೊಂಡ ಮಗು, ಕುಡಿಯದಿದ್ದಾಗ ಅತ್ತು ಕರೆದು ಕುಡಿಸಿತು. ಆ ಮಗುವಿಗೆ ಲೋಕ ಗೊತ್ತಿಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಎರಡನೆಯ ಬಗೆ. ಹುಲಿ ಎಂಥದ್ದು ಎಂದು ಅವಳಿಗೆ ಚೆನ್ನಾಗಿ ಗೊತ್ತು. ದೊಡ್ಡಿಯಲ್ಲೇ ಉಳಿದರೆ ಯಾರೂ ಕೇಳುವವರಿಲ್ಲ ಎಂದೂ ಗೊತ್ತು. ಕರುವೂ ಅದನ್ನೇ ಹೇಳುತ್ತದೆ. ಇವತ್ತಿನ ಕರುವಾಗಿದ್ದರೆ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ನನ್ನ ಅಪ್ಪ ಈ ಎರಡರಲ್ಲಿ ಯಾವ ಬಗೆ ಎಂದು ನನಗೆ ತಿಳಿದದ್ದು 2005ರ ಜೂನ್ ತಿಂಗಳಲ್ಲಿ. ಏಕನಾಥ ಸೋಲ್ಕರ್ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಮುಂಬಯಿಯ ಹಿಂದೂ ಜಿಮ್ಖಾನಾದಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದವನ ಮಗ, ಹೆಲ್ಮೆಟ್ ಇಲ್ಲದ ಕಾಲದಲ್ಲಿ ಬ್ಯಾಟಿನ ಮೂಗಿನಡಿ, ಫಾರ್ವರ್ಡ್ ಶಾರ್ಟ್ ಲೆಗ್ಗಿನಲ್ಲಿ ನಿಂತು 27 ಟೆಸ್ಟುಗಳಲ್ಲಿ 53 ಕ್ಯಾಚು ಹಿಡಿದವನು. 1971ರಲ್ಲಿ ನಮ್ಮ ಚಂದ್ರಶೇಖರ್ ಓವಲ್ಲಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ, ವೆಂಕಟರಾಘವನ್ ಎಸೆತಕ್ಕೆ ಮುಂದಕ್ಕೆ ಹಾರಿ ಅಲನ್ ನಾಟ್‌ನ ಕ್ಯಾಚು ಹಿಡಿದದ್ದು ಇದೇ ಸೋಲ್ಕರ್. ಅಪ್ಪ ಆ ಪಂದ್ಯವನ್ನು ಹೋಟೆಲಿನ ರೇಡಿಯೋದ ಮುಂದೆ ನಿಂತು ಕೇಳಿದ್ದರು. ಆ ಜಾಗಕ್ಕೆ ಎದುರು, ಆಫ್ ಬದಿಯಲ್ಲಿ ಅಷ್ಟೇ ಹತ್ತಿರ ನಿಲ್ಲುವ ಜಾಗಕ್ಕೆ ಸಿಲ್ಲಿ ಪಾಯಿಂಟ್ ಎಂದು ಹೆಸರು. ಅಷ್ಟು ಹತ್ತಿರ ನಿಲ್ಲುವವನಿಗೆ ಬುದ್ಧಿಯಿಲ್ಲ ಎಂದು ಆಟದವರು ತಮಾಷೆಗೆ ಇಟ್ಟ ಹೆಸರು.

"ಅಲ್ಲಿ ನಿಲ್ಲಲಿಕ್ಕೆ ಹುಚ್ಚೇ ಬೇಕು" ಅಂದೆ ನಾನು.

"ಹುಚ್ಚ ನಿಂತರೆ ಹಲ್ಲು ಹೋಗ್ತದೆ" ಅಂದರು ಅಪ್ಪ. "ಬ್ಯಾಟು ಎಲ್ಲಿಗೆ ಬರ್ತದೆ ಅಂತ ಗೊತ್ತಿದ್ದವ ಮಾತ್ರ ಅಲ್ಲಿ ನಿಲ್ತಾನೆ."

ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದದ್ದು ಆಗ ಬಾಯಿಗೆ ಬಂತು. ಆ ಕ್ಯಾಂಟೀನಿನವ ಓಡಿಹೋಗುತ್ತಾನೆ ಎಂದು ನಿಮಗೆ ಗೊತ್ತಿರಲಿಲ್ಲವೇ?

"ಅರ್ಧ ಗೊತ್ತಿತ್ತು."

"ಮತ್ತೆ ಸಹಿ ಯಾಕೆ ಹಾಕಿದಿರಿ?"

ಅಪ್ಪ ಟಿವಿಯ ಶಬ್ದ ಕಡಿಮೆ ಮಾಡಿದರು. "ನಾನು ಇಲ್ಲಿಗೆ ಬಂದ ದಿನ ಹೋಟೆಲಿನ ಮಾಲಿಕರು ಹುಡುಗನ ಗುರುತಿನವರು ಯಾರು ಅಂತ ಕೇಳಿದರು. ಬಾಗಿಲ ಹತ್ತಿರ ಚಾ ಕುಡೀತಾ ಇದ್ದವ ಒಬ್ಬ, ನಾನು ಅಂದ. ಅವನಿಗೆ ನನ್ನ ಹೆಸರೂ ಗೊತ್ತಿರಲಿಲ್ಲ ಮಾರಾಯ. ನನ್ನ ಮುಖ ನೋಡಿ ಅವನೂ ಅರ್ಧ ಲೆಕ್ಕ ಹಾಕಿರಬೇಕು. ಪೂರ್ತಿ ಲೆಕ್ಕ ಹಾಕಿದ್ದರೆ ನಾನು ಮರುದಿನವೇ ಹಡಗು ಹತ್ತಬೇಕಿತ್ತು."

ಆ ಕ್ಷಣಕ್ಕೆ ನನಗೆ ಎಲ್ಲ ಸ್ಪಷ್ಟವಾದಂತೆ ಅನಿಸಿತು. ಅಪ್ಪ ಕೊಡಗೂಸಿನ ಬಗೆಯಲ್ಲ, ಪುಣ್ಯಕೋಟಿಯ ಬಗೆ. ಬ್ಯಾಟು ನೋಡಿಯೇ ಹತ್ತಿರ ನಿಂತವರು. ದಡ್ಡ ಮೋಸವನ್ನು ಕಾಣುವುದಿಲ್ಲ. ಅಪ್ಪ ಅದನ್ನು ಕಂಡಿದ್ದರು, ಮತ್ತು ಅದಕ್ಕಿಂತ ದೊಡ್ಡದೊಂದನ್ನೂ ಕಂಡಿದ್ದರು. ಇಲ್ಲಿಯೇ ಈ ಲೇಖನ ಮುಗಿದಿದ್ದರೆ ನನಗೂ ಸುಖ, ನಿಮಗೂ ಸುಖ.

ಆದರೆ ಅಮ್ಮ ಅಲ್ಲೇ ಕುಳಿತು ಬಸಳೆ ಸೋಸುತ್ತಿದ್ದರು. ತಲೆ ಎತ್ತದೆ ಒಂದೇ ಮಾತು ಹೇಳಿದರು. "ನಿನ್ನಪ್ಪ ಪಾಪದವರಲ್ಲ. ಪಾಪದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ."

ಅಪ್ಪ ಏನೂ ಹೇಳಲಿಲ್ಲ. ಟಿವಿಯ ಶಬ್ದವನ್ನೂ ಹೆಚ್ಚು ಮಾಡಲಿಲ್ಲ.

ಆ ಮಾತನ್ನು ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದೇನೆ. ಸಿಲ್ಲಿ ಪಾಯಿಂಟಿನಲ್ಲಿ ನಿಲ್ಲುವವನು ತನ್ನ ಹಲ್ಲನ್ನು ತಾನು ಒಡ್ಡುತ್ತಾನೆ. ಅಪ್ಪ ಒಡ್ಡಿದ್ದು ತಮ್ಮ ಸಂಬಳವನ್ನು ಮಾತ್ರವಲ್ಲ, ಅಮ್ಮನ ಬಳೆಯನ್ನು, ತಂಗಿಯ ಓದನ್ನು. ಪುಣ್ಯಕೋಟಿ ಕೂಡ ತನ್ನ ಮಾತಿಗೆ ತಾನು ಹೋದಳು, ಕರುವನ್ನು ಹುಲಿಯ ಮುಂದೆ ತಳ್ಳಲಿಲ್ಲ. ಆದರೂ ಕರು ತಬ್ಬಲಿಯಾಗಲಿತ್ತು ಎಂಬುದನ್ನು ಹಾಡು ಮರೆಯುವುದಿಲ್ಲ. ಅವಳು ಹೊರಡುವ ಮೊದಲು ಉಳಿದ ಹಸುಗಳ ಬಳಿ ನಿಂತು ಮಗುವನ್ನು ನೋಡಿಕೊಳ್ಳಿ ಎಂದು ಕೇಳಿಕೊಳ್ಳುವ ಭಾಗವನ್ನು ಚಿಕ್ಕಂದಿನಲ್ಲಿ ನಾವು ಅಳಲು ಮಾತ್ರ ಬಳಸಿದೆವು. ಈಗ ಓದಿದರೆ ಅಲ್ಲಿ ಬೇರೊಂದು ಕಾಣುತ್ತದೆ. ಒಬ್ಬಳ ಸತ್ಯಕ್ಕೆ ಇನ್ನೊಬ್ಬರು ಬೆಲೆ ತೆರಬೇಕಾಗುತ್ತದೆ, ಆದ್ದರಿಂದ ಅವರಿಗೆ ಹೇಳಿ ಹೋಗಬೇಕು.

ಹಾಗೆಂದು ಮಗಳ ಮಾತನ್ನು ಪೂರ್ತಿ ಒಪ್ಪಲಾರೆ. ಈ ಊರಿಗೆ ಕೈಬೀಸಿಕೊಂಡು ಬಂದ ನಮ್ಮಂಥವರೆಲ್ಲ ಯಾರೋ ಒಬ್ಬನ ಸಿಲ್ಲಿತನದ ಮೇಲೆ ನಿಂತಿದ್ದೇವೆ. ಮೊದಲ ರಾತ್ರಿ ಮಲಗಲು ಜಾಗ ಕೊಟ್ಟವನು, ರೇಷನ್ ಕಾರ್ಡಿಗೆ ತನ್ನ ವಿಳಾಸ ಕೊಟ್ಟವನು, ಗುರುತಿಲ್ಲದವನಿಗೆ ಗುರುತು ಹೇಳಿದವನು. ಅವರೆಲ್ಲ ಶಾಣಾಗಳಾಗಿದ್ದರೆ ಮುಂಬಯಿಯಲ್ಲಿ ಕನ್ನಡ ಸಂಘವೂ ಇರುತ್ತಿರಲಿಲ್ಲ, ರಾತ್ರಿಶಾಲೆಯೂ ಇರುತ್ತಿರಲಿಲ್ಲ, ಈ ಪತ್ರಿಕೆ ಓದಲು ನೀವೂ ಇರುತ್ತಿರಲಿಲ್ಲ. ಒಂದು ಭಾಷೆ ಧನ್ಯ ಎಂಬ ಪದವನ್ನು ದಡ್ಡ ಎಂಬಲ್ಲಿಗೆ ಇಳಿಸಿದರೆ, ಅದನ್ನಾಡುವವರು ಮೋಸ ಹೋಗಿ ಹೋಗಿ ಬೇಸತ್ತರು ಎಂದೂ ಓದಬಹುದು. ಮೋಸ ಮಾಡಿದವನನ್ನು ಬಿಟ್ಟು ಮೋಸ ಹೋದವನಿಗೇ ಹೆಸರಿಡುವುದು ಅವರಿಗೆ ಸುಲಭವಾಯಿತು ಎಂದೂ ಓದಬಹುದು. ಅಂದು ನಾನು ಮಾಡಿದ್ದೂ ಅದನ್ನೇ. ಕ್ಯಾಂಟೀನಿನವನಿಗೆ ಒಂದೂ ಬೈಗುಳ ಬೈಯಲಿಲ್ಲ. ಅವನು ಎದುರಿಗಿರಲಿಲ್ಲ. ಅಪ್ಪ ಎದುರಿಗಿದ್ದರು.

ಅಪ್ಪ ಈಗಿಲ್ಲ. ಅಮ್ಮನಿಗೆ ಎಂಬತ್ತು ದಾಟಿದೆ. ತಂಗಿ ಕೆಲಸದಲ್ಲಿದ್ದುಕೊಂಡೇ ಪತ್ರದ ಮೂಲಕ ಬಿ.ಎ. ಮಾಡಿಕೊಂಡಳು, ಸೈನ್ಸಿನ ಮಾತನ್ನು ಅವಳೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ.

ವಾಚ್‌ಮನ್ನಿನ ವಿಷಯಕ್ಕೆ ಬಂದರೆ, ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿಯನ್ನೂ ಮಗಳನ್ನೂ ಕೂರಿಸಿ ಕೇಳಿದೆ. ಹಣ ಹಿಂದೆ ಬಾರದೆಯೂ ಇರಬಹುದು, ಬಾರದಿದ್ದರೆ ದೀಪಾವಳಿಯ ಪ್ರಯಾಣ ಬಿಡಬೇಕಾಗುತ್ತದೆ, ನೀವು ಹೂಂ ಅಂದರೆ ಕೊಡುತ್ತೇನೆ ಅಂದೆ. ಹೆಂಡತಿ ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಕುಳಿತು, 6 ಸಾವಿರ ಕೊಡಿ ಅಂದಳು. ಮಗಳು ಹೆಗಲು ಹಾರಿಸಿದಳು. ಆಮೇಲೆ, "ಅವನ ತಾಯಿಗೆ ಏನಾಗಿದೆ?" ಎಂದು ಕೇಳಿದಳು.

6 ಸಾವಿರ ಕೊಟ್ಟೆ. ಅವನು ಹೋಗಿ ಮೂರು ವಾರವಾಯಿತು, ಇನ್ನೂ ಬಂದಿಲ್ಲ. ರಾತ್ರಿ ಗೇಟಿನ ಹತ್ತಿರ ಈಗ ಬೇರೆ ಒಬ್ಬ ಕೂರುತ್ತಾನೆ. ಮಗಳು ದಿನಾ ಕೆಲಸದಿಂದ ಬಂದವಳು ಚಪ್ಪಲಿ ಬಿಡುತ್ತಾ ಕೇಳುತ್ತಾಳೆ, "ಬಂದನಾ?" ಆ ಪ್ರಶ್ನೆಯಲ್ಲಿ ಈಗ ತಮಾಷೆ ಇಲ್ಲ. ಅವಳೂ ಕಾಯುತ್ತಿದ್ದಾಳೆ.